ಬೆಳಿಗ್ಗೆ ಎಂಟಕ್ಕೆ ‘ಎರಡು ಗಂಟೆ’ ಎನ್ನುವ ನಾಡು

ಪ್ರಶ್ನೆ: ಮಗ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ ಕೆಲಸಕ್ಕೆ ಸೇರಿದ್ದಾನೆ. ಅಲ್ಲಿನ ಸಮಯ ನಮಗಿಂತ ಎಷ್ಟು ಹಿಂದೆ? ಬೇಸಿಗೆಯಲ್ಲಿ ಅದು ಬದಲಾಗುತ್ತದೆಯೇ? ಬೆಳಿಗ್ಗೆ ಎರಡು ಗಂಟೆಗೆ ಬರುತ್ತೇನೆಂದ ಬಡಗಿ ಎಂಟಕ್ಕೆ ಬಂದನಂತೆ. ಇದೆಂಥ ಲೆಕ್ಕ?
– ಓದುಗರೊಬ್ಬರು, ಉಡುಪಿ

ಉತ್ತರ: ತಾಂಜಾನಿಯಾದಲ್ಲಿ ನಡೆಯುವುದು ಪೂರ್ವ ಆಫ್ರಿಕಾ ಸಮಯ. ಗ್ರೀನಿಚ್‌ಗಿಂತ 3 ಗಂಟೆ ಮುಂದಿರುವ ಈ ವಲಯದಲ್ಲಿ ಕೀನ್ಯಾ, ಉಗಾಂಡಾ, ಇಥಿಯೋಪಿಯಾ, ಎರಿಟ್ರಿಯಾ, ಸೊಮಾಲಿಯಾ, ಜಿಬೂಟಿ, ದ್ವೀಪರಾಷ್ಟ್ರಗಳಾದ ಮಡಗಾಸ್ಕರ್ ಮತ್ತು ಕೊಮೊರೊಸ್, ಜೊತೆಗೆ ಫ್ರಾನ್ಸಿಗೆ ಸೇರಿದ ಮಯೋಟ್ ದ್ವೀಪವೂ ಇವೆ. ಹಳೆಯ ಪಟ್ಟಿಗಳಲ್ಲಿ ಎರಡು ಸುಡಾನ್‌ಗಳೂ ಕಾಣಿಸುತ್ತವೆ; ಆದರೆ ಸುಡಾನ್ 2017ರ ನವೆಂಬರಿನಲ್ಲಿ, ದಕ್ಷಿಣ ಸುಡಾನ್ 2021ರ ಫೆಬ್ರುವರಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ಈ ವಲಯದಿಂದ ಹೊರಬಂದಿವೆ.

ನಿಮಗೂ ಮಗನಿಗೂ ಇರುವ ಅಂತರ ಎರಡೂವರೆ ಗಂಟೆ. ಉಡುಪಿಯಲ್ಲಿ ರಾತ್ರಿ 9 ಆದಾಗ ಅಲ್ಲಿ ಸಂಜೆ 6:30. ಸಮಭಾಜಕ ವೃತ್ತಕ್ಕೆ ಹತ್ತಿರದ ಆ ಸೀಮೆಯಲ್ಲಿ ಹಗಲಿನ ಉದ್ದ ವರ್ಷವಿಡೀ ಹೆಚ್ಚು ಏರಿಳಿಯುವುದಿಲ್ಲವಾದ್ದರಿಂದ, ಲಂಡನ್ನಿನವರಂತೆ ಬೇಸಿಗೆಗೊಮ್ಮೆ ಗಡಿಯಾರ ತಿರುಗಿಸುವ ತಾಪತ್ರಯ ಅವರಿಗಿಲ್ಲ. ಹೀಗಾಗಿ ಈ ಅಂತರವೂ ಬದಲಾಗದು.

ಇನ್ನು ಬಡಗಿಯ ವಿಚಾರ. ಆತ ತಪ್ಪು ಹೇಳಲಿಲ್ಲ. ಸ್ವಾಹಿಲಿ ಮಾತಿನಲ್ಲಿ ಗಂಟೆಯ ಎಣಿಕೆ ನಡುರಾತ್ರಿಯಿಂದಲ್ಲ, ಹೊತ್ತು ಮೂಡುವುದರಿಂದ ಆರಂಭವಾಗುತ್ತದೆ. ನಮ್ಮ ಏಳು ಗಂಟೆ ಅವರಿಗೆ ‘ಸಾ ಮೋಜಾ’, ಅಂದರೆ ಒಂದು ಗಂಟೆ. ಎಂಟು ‘ಸಾ ಮ್ಬಿಲಿ’, ಎರಡು. ನಡುಮಧ್ಯಾಹ್ನ ‘ಸಾ ಸಿತಾ’, ಆರು. ಸಂಜೆ ಏಳಕ್ಕೆ ಮತ್ತೆ ಒಂದರಿಂದ ರಾತ್ರಿಯ ಎಣಿಕೆ. ಮುಳ್ಳಿನ ಗಡಿಯಾರದಲ್ಲಿ ಗಂಟೆಯ ಮುಳ್ಳು ತೋರುವ ಅಂಕಿಗೆ ನೇರ ಎದುರಿನ ಅಂಕಿಯನ್ನು ಓದಿದರೆ ಸ್ವಾಹಿಲಿ ಗಂಟೆ ಸಿಕ್ಕಿತು. ಅದೇ ಮನುಷ್ಯ ಇಂಗ್ಲಿಷಿನಲ್ಲಿ ಮಾತಾಡಿದರೆ ಸಾಮಾನ್ಯವಾಗಿ ‘ಎಂಟು’ ಎಂದೇ ಹೇಳುತ್ತಾನೆ. ಸ್ವಾಹಿಲಿಯ ಅಂಕಿಯನ್ನು ಹಾಗೆಯೇ ಇಂಗ್ಲಿಷಿಗೆ ಎತ್ತಿಕೊಂಡಾಗ ಎಡವಟ್ಟಾಗುತ್ತದೆ.

ಪಂಚಾಂಗ ನೋಡುವ ಮನೆಯವರಿಗೆ ಇದು ವಿಚಿತ್ರವೆನಿಸಬಾರದು. ನಮ್ಮ ಘಳಿಗೆಯ ಲೆಕ್ಕವೂ ಸೂರ್ಯೋದಯದಿಂದಲೇ ತಾನೆ? ಘಳಿಗೆಗೆ 24 ನಿಮಿಷವಾದ್ದರಿಂದ, ಬಡಗಿಯ ಎರಡು ಗಂಟೆಯೆಂದರೆ ಹೊತ್ತು ಹುಟ್ಟಿ ಸುಮಾರು ಐದು ಘಳಿಗೆ.

ಇಥಿಯೋಪಿಯಾದಲ್ಲೂ ಜನರ ಬಾಯಲ್ಲಿರುವುದು ಇದೇ ಕ್ರಮ. ಮಗ ಮುಂದೆ ಅದಿಸ್ ಅಬಾಬಕ್ಕೆ ಹೋಗುವುದಿದ್ದರೆ, ವಿಮಾನದ ಟಿಕೆಟ್ಟಿನಲ್ಲಿ ನಮಗೆ ರೂಢಿಯಿರುವ ಸಮಯವೇ ಇರುತ್ತದೆ. ಟ್ಯಾಕ್ಸಿಯವನು ಗಂಟೆ ಹೇಳಿದಾಗ ಮಾತ್ರ ಅದು ಯಾವ ಲೆಕ್ಕದ್ದೆಂದು ಕೇಳಿಕೊಳ್ಳಲಿ.