ಅಮ್ಮನ ಮಂಡಿನೋವಿನ ಹಿಂದೆ

ತೀರ್ಥಹಳ್ಳಿಯ ಮನೆ ಬಿಟ್ಟು ಬೆಂಗಳೂರಿನ ಎಂಟನೇ ಮಹಡಿಗೆ ಬಂದ 74ರ ನಿಮ್ಮ ತಾಯಿ ಸರಿಯಾಗಿ ಉಣ್ಣುತ್ತಿಲ್ಲ, ನಸುಕಿನ ಮೂರಕ್ಕೇ ಎದ್ದು ಕೂರುತ್ತಾರೆ, ಕೇಳಿದರೆ ಮಂಡಿನೋವು ಎನ್ನುತ್ತಾರೆ. ಇದೆಲ್ಲ ವಯಸ್ಸಿಗೆ ಸಹಜವೇ ಎಂದು ಕೇಳಿದ್ದೀರಿ. ಸಹಜವೆಂದು ಬಿಟ್ಟುಬಿಡಬೇಡಿ. ಮುಪ್ಪಿನಲ್ಲಿ ಖಿನ್ನತೆ ಅಳುವಾಗಿಯೇ ಬರಬೇಕೆಂದಿಲ್ಲ. ಮೈಕೈ ನೋವು, ನಿದ್ರೆಗೇಡು, ಮರೆವಿನ ವೇಷದಲ್ಲಿಯೂ ಬರುತ್ತದೆ. ಹಾಗೆಂದು ಮಂಡಿನೋವು ಸುಳ್ಳಲ್ಲ. ನೋವಿದ್ದರೆ ಹೊರಗೆ ಹೋಗುವುದಿಲ್ಲ, ಹೋಗದಿದ್ದರೆ ಮಾತಿಗೆ ಜನರಿಲ್ಲ, ಜನರಿಲ್ಲದಾಗ ನೋವೇ ದಿನವಿಡೀ ಜೊತೆಗಾರ. ಊರಿನಲ್ಲಿ ಜಗಲಿಯ ಮೇಲೆ ಕುಳಿತರೆ ದಾರಿಹೋಕರೂ ಮಾತನಾಡಿಸುತ್ತಿದ್ದರು. ಇಲ್ಲಿ ಲಿಫ್ಟ್‌ನಲ್ಲಿ ಯಾರೂ ತಲೆಯೆತ್ತುವುದಿಲ್ಲ.

ಮೊದಲು ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಿವಿಯನ್ನು ಮರೆಯಬೇಡಿ: ಕಿವಿ ಮಂದವಾದವರು ತುಂಬಿದ ಮನೆಯಲ್ಲೂ ಒಂಟಿ. ಅವರು ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯೊಂದಿಗೆ ಮನೋವೈದ್ಯರನ್ನು ಕಾಣಿ. ನಿಮ್ಹಾನ್ಸ್‌ನಲ್ಲಿ ಹಿರಿಯರಿಗೆಂದೇ ಸೇವೆಯಿದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಔಷಧ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು. ಈ ವಯಸ್ಸಿನಲ್ಲಿ ಕೆಲವು ಮಾತ್ರೆಗಳಿಂದ ರಕ್ತದಲ್ಲಿನ ಸೋಡಿಯಂ (ಲವಣಾಂಶ) ಇಳಿಯುವುದುಂಟು, ಅದನ್ನೂ ವೈದ್ಯರಲ್ಲಿ ವಿಚಾರಿಸಿ. ‘ಬದುಕಿದ್ದು ಏನು ಪ್ರಯೋಜನ’ ಎಂಬ ಮಾತು ಬಂದರೆ ಮಾತ್ರ ಸರದಿಗೆ ಕಾಯದೆ ಅಂದೇ ಕರೆದೊಯ್ಯಿರಿ.

ಇನ್ನೊಂದು, ನಾನೇ ಮಾಡಿದ ತಪ್ಪು. ‘ನೀವು ಸುಮ್ಮನೆ ಕುಳಿತಿರಿ ಅತ್ತೆ’ ಎಂದು ಅವರ ಕೈಯಿಂದ ಕೆಲಸವನ್ನೆಲ್ಲ ಕಿತ್ತುಕೊಂಡಿದ್ದೆ. ಉಪ್ಪಿನಕಾಯಿ ಹಾಕಲು ಕಲಿಸಿ ಎಂದು ಪಕ್ಕದ ಮನೆಯ ಹುಡುಗಿ ಬಂದ ದಿನವೇ ಅವರು ಎರಡನೇ ಸಲ ಅನ್ನ ಬಡಿಸಿಕೊಂಡರು.