ಕೋಲಾಟ, ಕುಂಟೆಬಿಲ್ಲೆ, ಮನೆಗೆಲಸ: ಓದುಗರ ಪ್ರಶ್ನೆಗಳಿಗೆ ಉತ್ತರ

ಜಿಮ್ಮಿಗೆ ಹೋಗದೆ ಆಟ, ಕುಣಿತ, ದಿನದ ಓಡಾಟದಿಂದಲೇ ಮೈ ಗಟ್ಟಿಯಾಗಿಟ್ಟುಕೊಳ್ಳುವ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದುಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿದ್ದೇವೆ.

ಪ್ರಶ್ನೆ: ನನಗೆ 46 ವರ್ಷ. ದಿನಾ ಬೆಳಿಗ್ಗೆ 40 ನಿಮಿಷ ವಾಕಿಂಗ್ ಮಾಡುತ್ತೇನೆ. ಆದರೂ ನೆಲದ ಮೇಲೆ ಕೂತರೆ ಕೈ ಊರದೆ ಏಳಲಾಗುವುದಿಲ್ಲ. ರಾಜ್ಯೋತ್ಸವಕ್ಕೆಂದು ಬಡಾವಣೆಯ ಮಹಿಳೆಯರ ಕೋಲಾಟದ ತಂಡ ಸೇರಿ ಎರಡು ವಾರವಾಯಿತು. ಈಗ ಮೊಣಕಾಲು ನೋವು, ಬಲ ಮೊಣಕೈಯ ಹೊರಮಗ್ಗುಲಲ್ಲೂ ನೋವು. ಬಿಟ್ಟುಬಿಡಲೇ? – ದಾವಣಗೆರೆಯ ಓದುಗರು

ಉತ್ತರ: ಬಿಡಬೇಡಿ. ಎರಡು ವಾರ ಪ್ರಮಾಣ ಇಳಿಸಿ, ಹೆಜ್ಜೆ ತಿದ್ದಿಕೊಳ್ಳಿ. ನೆಲದಿಂದ ಏಳಲಾಗದಿರುವುದಕ್ಕೂ ಮೊಣಕಾಲು ನೋವಿಗೂ ಕಾರಣ ಬಹುಮಟ್ಟಿಗೆ ಒಂದೇ. ವಾಕಿಂಗ್‌ನಿಂದ ಹೃದಯ, ಉಸಿರು ಪಳಗುತ್ತವೆ. ಆದರೆ ನಡೆಯುವಾಗ ಮೈಭಾರ ಹೊತ್ತ ಮೊಣಕಾಲು ಸುಮಾರು 20 ಡಿಗ್ರಿಯಷ್ಟೇ ಮಡಚುತ್ತದೆ. ಕುರ್ಚಿಯಿಂದ ಏಳಲು 90 ಡಿಗ್ರಿ ಬೇಕು, ನೆಲದಿಂದ ಏಳಲು ಇನ್ನೂ ಹೆಚ್ಚು. ಅಷ್ಟು ಆಳದಲ್ಲಿ ತೊಡೆ ಮತ್ತು ಪೃಷ್ಠದ ಸ್ನಾಯುಗಳಿಗೆ ಕೆಲಸವೇ ಬಿದ್ದಿಲ್ಲ. ಅಂಥ ಕಾಲಿಗೆ ಕೋಲಾಟ ಒಮ್ಮೆಲೇ ಬಗ್ಗುವುದು, ತಿರುಗುವುದು, ಕುಪ್ಪಳಿಸುವುದು ಎಲ್ಲವನ್ನೂ ಹೊರಿಸಿತು. ಇನ್ನೊಂದು ಮಾತು: ಉಸಿರು ಕೆಲವೇ ವಾರಗಳಲ್ಲಿ ಒಗ್ಗುತ್ತದೆ, ಸ್ನಾಯುರಜ್ಜು ಮತ್ತು ಮೂಳೆ ಒಗ್ಗಲು ತಿಂಗಳುಗಳು ಹಿಡಿಯುತ್ತವೆ. ನಿಮಗೆ ವಾಕಿಂಗ್‌ನ ಉಸಿರು ಇರುವುದರಿಂದ ಸುಸ್ತೇ ಆಗದೆ ಕುಣಿಯುತ್ತಾ ಹೋಗುತ್ತೀರಿ. ಕೀಲು ಮರುದಿನ ಲೆಕ್ಕ ಕೇಳುತ್ತದೆ.

ಮೊದಲು ತಿರುಗುವ ರೀತಿ ನೋಡಿಕೊಳ್ಳಿ. ಜೋಡಿ ಬದಲಿಸುವಾಗ ಅರ್ಧ ಸುತ್ತು ತಿರುಗುತ್ತೀರಲ್ಲ, ಆಗ ಪಾದ ಪೂರ್ತಿ ನೆಲಕ್ಕೆ ಅಂಟಿದ್ದು ಮೈ ಮಾತ್ರ ತಿರುಗಿದರೆ ಆ ತಿರುಚೆಲ್ಲ ಮೊಣಕಾಲಿಗೆ ಬೀಳುತ್ತದೆ. ಹಿಮ್ಮಡಿ ಎತ್ತಿ, ಮುಂಗಾಲಿನ ಮೇಲೆ ಪಾದವೂ ಮೈಯೂ ಒಟ್ಟಿಗೆ ತಿರುಗಬೇಕು. ಇಲ್ಲವೇ ಎರಡು ಪುಟ್ಟ ಹೆಜ್ಜೆಯಲ್ಲಿ ತಿರುಗಿ. ನೆಲ ಕಚ್ಚಿ ಹಿಡಿಯುವ ರಬ್ಬರ್ ಸೋಲಿನ ಶೂ ಇದಕ್ಕೆ ಒಗ್ಗದು. ಗ್ರಾನೈಟ್ ನೆಲದ ಮೇಲೆ ಬರಿಗಾಲೂ ಒಳ್ಳೆಯದಲ್ಲ. ಮಣ್ಣಿನ ಅಂಗಳ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ಸವೆದು ನಯವಾದ, ತೆಳು ಮೆತ್ತೆಯ ಕ್ಯಾನ್ವಾಸ್ ಶೂ ಸಾಕು. ಕೆಳಗೆ ಕೋಲು ಹೊಡೆಯುವಾಗ ಬೆನ್ನು ಬಗ್ಗಿಸದೆ, ಕುರ್ಚಿಯಲ್ಲಿ ಕೂರುವಂತೆ ಪೃಷ್ಠವನ್ನು ಹಿಂದಕ್ಕೆ ತಳ್ಳಿ ಇಳಿಯಿರಿ. ಮೊಣಕಾಲು ಒಳಕ್ಕೆ ವಾಲದೆ ಪಾದದ ಎರಡನೇ ಬೆರಳಿನ ದಿಕ್ಕಿಗೇ ಇರಲಿ.

ಮೊಣಕೈ ನೋವಿಗೆ ಬಿಗಿಮುಷ್ಟಿ ಕಾರಣವಿರಬಹುದು. ಕೋಲು ಹೆಬ್ಬೆರಳಿನ ದಪ್ಪ, ಒಂದರಿಂದ ಒಂದೂವರೆ ಅಡಿ ಉದ್ದ ಇದ್ದರೆ ಸಾಕು. ಬುಡದಲ್ಲಿ ಎರಡು ಬೆರಳಗಲ ಬಿಟ್ಟು ಹಿಡಿಯಿರಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಹಿಡಿಯಲಿ, ಉಳಿದೆರಡು ಸಡಿಲವಾಗಿರಲಿ. ತಾಳ ಕೇಳಿಸುವಷ್ಟು ತಟ್ಟಿದರೆ ಸಾಕು. ಹೊಸಬರು ಸದ್ದಿಗಾಗಿ ತೋಳಿನಿಂದ ಬೀಸುತ್ತಾರೆ. ಮಣಿಕಟ್ಟಿನಿಂದ ಚಿಮ್ಮಿಸಿದರೆ ಸದ್ದು ಇನ್ನೂ ಚೊಕ್ಕವಾಗಿ ಬರುತ್ತದೆ.

ಇನ್ನು ಪ್ರಮಾಣ. ಮೊದಲ ಎರಡು ವಾರ ದಿನ ಬಿಟ್ಟು ದಿನ ಕುಣಿಯಿರಿ. ಐದು ನಿಮಿಷ ಕೋಲಿಲ್ಲದೆ ಅದೇ ಹೆಜ್ಜೆಗಳನ್ನು ಅರ್ಧ ವೇಗದಲ್ಲಿ ಹಾಕಿ, ನಂತರ ನಾಲ್ಕು ನಿಮಿಷದ ಮೂರು ಹಾಡು, ನಡುವೆ ಎರಡೆರಡು ನಿಮಿಷ ವಿರಾಮ. ಆಮೇಲೆ ವಾರಕ್ಕೊಂದು ಹಾಡು ಹೆಚ್ಚಿಸಿ. ಕುಪ್ಪಳಿಸುವ ಹೆಜ್ಜೆಗಳನ್ನು ಆರನೇ ವಾರದವರೆಗೆ ಮುಂದೂಡಿ, ಅಲ್ಲಿಯವರೆಗೆ ಅವನ್ನೇ ನಡೆದು ಮಾಡಿ. ಕುಣಿಯುವಾಗ ಹತ್ತರಲ್ಲಿ ಮೂರರಷ್ಟು ನೋವಿದ್ದು ಮರುದಿನ ಬೆಳಿಗ್ಗೆಗೆ ಇಳಿದಿದ್ದರೆ ಚಿಂತೆಯಿಲ್ಲ. ಬೆಳಿಗ್ಗೆಯೂ ಹಾಗೆಯೇ ಇದ್ದರೆ ಒಂದು ಹಾಡು ಕಡಿಮೆ ಮಾಡಿ. ಮೊಣಕಾಲು ಊದಿಕೊಂಡರೆ, ಸಿಕ್ಕಿಹಾಕಿಕೊಂಡಂತೆ ನಿಂತರೆ ಅಥವಾ ಕೈಕೊಟ್ಟರೆ ಮೂಳೆ ವೈದ್ಯರಿಗೆ ತೋರಿಸಿ.

ನೆಲದಿಂದ ಏಳುವ ಬಲಕ್ಕೆ ವಾರದಲ್ಲಿ ಮೂರು ದಿನ ಇದನ್ನು ಮಾಡಿ: ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಊಟದ ಮೇಜಿನ ಕುರ್ಚಿಯಿಂದ ಏಳಿ, ಮೂರು ಎಣಿಸುತ್ತಾ ನಿಧಾನ ಕೂತುಕೊಳ್ಳಿ. ಎಂಟು ಸಲ, ವಿರಾಮ, ಮತ್ತೆ ಎಂಟು ಸಲ. ಇಳಿಯುವಾಗಿನ ನಿಧಾನದಲ್ಲೇ ಬಲ ಬರುವುದು, ದೊಪ್ಪನೆ ಕೂತರೆ ಅರ್ಧ ಲಾಭ ಹೋಯಿತು. ಸಲೀಸಾದ ಮೇಲೆ ಅದಕ್ಕಿಂತ ತಗ್ಗಿನ ಸ್ಟೂಲು, ಕೊನೆಗೆ ಗೋಡೆ ಪಕ್ಕ ಎರಡು ದಿಂಬು ಪೇರಿಸಿದ ಮಣೆ. ಊಟಕ್ಕೆ ದಿನಕ್ಕೊಮ್ಮೆಯಾದರೂ ನೆಲದ ಮೇಲೆ ಕೂರುವ ಮನೆಗಳಲ್ಲಿ ಈ ಅಭ್ಯಾಸ ತಾನಾಗಿಯೇ ಆಗುತ್ತಿತ್ತು. ಅದು ತಪ್ಪಿಹೋದದ್ದು ಕಾಲಿಗೆ ನಿಜಕ್ಕೂ ನಷ್ಟ.

ಪ್ರಶ್ನೆ: ಬೆಂಗಳೂರಿನ ಅಪಾರ್ಟ್‌ಮೆಂಟ್. ಮಕ್ಕಳಿಗೆ 9 ಮತ್ತು 6 ವರ್ಷ. ವಾರಕ್ಕೆ ಎರಡು ದಿನ ಕ್ರಿಕೆಟ್ ಕೋಚಿಂಗ್ ಇದೆ. ಉಳಿದ ದಿನ ಮೊಬೈಲ್. ಕೋಚಿಂಗ್ ಸಾಕಾಗುತ್ತದೆಯೇ? ಸ್ವಲ್ಪವೇ ಜಾಗದಲ್ಲಿ ಏನು ಆಡಿಸಬಹುದು?

ಉತ್ತರ: ಸಾಕಾಗದು. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಂತೆ 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಷ್ಟು ಓಡಾಡಬೇಕು. ವಾರದಲ್ಲಿ ಮೂರು ದಿನವಾದರೂ ಸ್ನಾಯು ಮತ್ತು ಮೂಳೆ ಗಟ್ಟಿಯಾಗುವ ಜಿಗಿತ, ಓಟ ಅದರಲ್ಲಿರಬೇಕು. ಕೋಚಿಂಗ್‌ನಲ್ಲಿ ಒಂದು ಗಂಟೆ ಇದ್ದರೂ ಸರದಿಗಾಗಿ ಸಾಲಿನಲ್ಲಿ ನಿಲ್ಲುವ ಹೊತ್ತೇ ಹೆಚ್ಚು. ಒಮ್ಮೆ ಹೋಗಿ, ನಿಮ್ಮ ಮಗು ನಿಜವಾಗಿ ಎಷ್ಟು ನಿಮಿಷ ಓಡಿತು ಎಂದು ಗಡಿಯಾರ ಹಿಡಿದು ನೋಡಿ.

ಆರು ವರ್ಷದ ಮಗುವಿಗೆ ಕುಂಟೆಬಿಲ್ಲೆಗಿಂತ ಒಳ್ಳೆಯ ಆಟ ಹುಡುಕುವುದು ಕಷ್ಟ. ಸೀಮೆಸುಣ್ಣದಲ್ಲಿ ಎಂಟು ಮನೆ ಬರೆಯಿರಿ, ಒಂದೊಂದೂ ಒಂದೂಕಾಲು ಅಡಿ. ಮನೆ ಇದಕ್ಕಿಂತ ದೊಡ್ಡದಾದರೆ ಚಿಕ್ಕವರು ಗೆರೆ ತುಳಿದು ಬೇಸರಗೊಳ್ಳುತ್ತಾರೆ. ಬಿಲ್ಲೆಗೆ ಒಡೆದ ಹೆಂಚಿನ ಚೂರು, ಅಂಚು ಉಜ್ಜಿ ನಯ ಮಾಡಿದ್ದು. ಒಂಟಿಕಾಲಲ್ಲಿ ಬಗ್ಗಿ ಬಿಲ್ಲೆ ಎತ್ತುವ ಆ ಒಂದು ಕ್ಷಣದಲ್ಲಿ ಪಾದ, ಸೊಂಟ, ಕಣ್ಣು ಮೂರೂ ಸೇರಿ ಸಮತೋಲ ಕಲಿಯುತ್ತವೆ. ಮಕ್ಕಳು ಯಾವಾಗಲೂ ಒಂದೇ ಕಾಲಲ್ಲಿ ಕುಂಟುತ್ತಾರೆ. ಸುತ್ತಿಗೊಮ್ಮೆ ಕಾಲು ಬದಲಿಸಬೇಕು ಎಂಬ ನಿಯಮ ಇಟ್ಟುಬಿಡಿ.

ನಾಲ್ಕು ಮಕ್ಕಳು ಸೇರಿದರೆ ಲಗೋರಿ. ಏಳು ಚಪ್ಪಟೆ ಕಲ್ಲು, ದೊಡ್ಡದು ಕೆಳಗೆ. 12ರಿಂದ 15 ಅಡಿ ದೂರದಿಂದ ಎಸೆತ. ಚೆಂಡು ಮೆತ್ತಗಿನದಿರಲಿ, ಹೊಡೆತ ಸೊಂಟದ ಕೆಳಗೇ ಬೀಳಬೇಕು. ಎಂಟು ಹತ್ತು ಮಕ್ಕಳಿದ್ದರೆ ನಾಲ್ಕೈದು ಜನ ಕುಕ್ಕರಗಾಲಲ್ಲಿ ಕೂತು ಪುಟ್ಟ ಖೋ-ಖೋ ಆಡಲಿ. ಕೂತಲ್ಲಿಂದ ಚಂಗನೆ ಎದ್ದು ಓಡುವುದೇ ತೊಡೆಗೆ ಒಳ್ಳೆಯ ವ್ಯಾಯಾಮ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರು, ಮಹಿಳೆಯರು ಇಬ್ಬರೂ ಗೆದ್ದರು. ಆ ಪಂದ್ಯದ ವಿಡಿಯೋ ತೋರಿಸಿದರೆ ಮಕ್ಕಳಿಗೆ ಹುರುಪು ಬರುತ್ತದೆ.

ಇಂಥ ಆಟಗಳು ಎರಡೇ ದಿನದಲ್ಲಿ ನಿಂತುಹೋಗಲು ಒಂದು ಕಾರಣವಿದೆ: ಔಟಾದ ಮಗು ಸುಮ್ಮನೆ ಕೂರಬೇಕು. ಆಡುವುದು ಹೆಚ್ಚು ಬೇಕಾಗಿರುವ ಮಗುವೇ ಮೊದಲು ಔಟಾಗುತ್ತದೆ. ಅದಕ್ಕೆ, ಔಟಾದವರು 20 ಸಲ ಹಗ್ಗ ಹಾರಿ ಮತ್ತೆ ಆಟಕ್ಕೆ ಬರಲಿ. ಹಗ್ಗದ ನಡುವೆ ನಿಂತು ಎರಡೂ ತುದಿ ಮೇಲೆತ್ತಿದರೆ ಕಂಕುಳಿನವರೆಗೆ ಬರಬೇಕು. ಕಾರು ಓಡಾಡುವ ಪಾರ್ಕಿಂಗ್ ಬೇಡ, ಕಟಕಟೆ ಗಿಡ್ಡವಾಗಿರುವ ತಾರಸಿಯಂತೂ ಬೇಡವೇ ಬೇಡ.

ಪ್ರಶ್ನೆ: ಎರಡು ಹೆರಿಗೆಯಾಗಿದೆ. ಕುಣಿಯುವಾಗ, ಜಿಗಿಯುವಾಗ ಮೂತ್ರ ಸ್ವಲ್ಪ ಸೋರುತ್ತದೆ. ನಾಚಿಕೆಯಿಂದ ಡ್ಯಾನ್ಸ್ ಕ್ಲಾಸು ಬಿಟ್ಟೆ. – ಮೈಸೂರಿನ ಓದುಗರು

ಉತ್ತರ: ಇದು ಬಹಳ ಹೆಂಗಸರಿಗಿರುವ ತೊಂದರೆ, ಸರಿಹೋಗುವಂಥದ್ದು. ಯಾರೂ ಬಾಯಿಬಿಟ್ಟು ಹೇಳದ ಕಾರಣ ಪ್ರತಿಯೊಬ್ಬರೂ ತಮಗೊಬ್ಬರಿಗೇ ಹೀಗೆ ಅಂದುಕೊಳ್ಳುತ್ತಾರೆ. ಮೂತ್ರಕೋಶವನ್ನು ಕೆಳಗಿನಿಂದ ಹೊತ್ತಿರುವ ಸ್ನಾಯುಗಳು ಹೆರಿಗೆಯಲ್ಲಿ ಹಿಗ್ಗಿ ಸಡಿಲವಾಗಿವೆ. ಜಿಗಿದು ಇಳಿದಾಗ ಹೊಟ್ಟೆಯೊಳಗಿನ ಒತ್ತಡವನ್ನು ಅವು ತಡೆಯಲಾರವು.

ಗಾಳಿ ಮತ್ತು ಮೂತ್ರ ಎರಡನ್ನೂ ಒಟ್ಟಿಗೆ ತಡೆಯುವಂತೆ ಒಳಕ್ಕೆ, ಮೇಲಕ್ಕೆ ಬಿಗಿ ಹಿಡಿಯಿರಿ. ಐದು ಎಣಿಸಿ, ಪೂರ್ತಿ ಸಡಿಲಿಸಿ, ಮತ್ತೆ ಐದು ಎಣಿಸುವಷ್ಟು ಬಿಡುವು. ಹೀಗೆ 8ರಿಂದ 10 ಸಲ, ದಿನಕ್ಕೆ ಮೂರು ಹೊತ್ತು. ಉಸಿರು ಕಟ್ಟಬಾರದು, ತೊಡೆ ಮತ್ತು ಪೃಷ್ಠ ಬಿಗಿಯಬಾರದು, ತಪ್ಪಾಗುವುದು ಇಲ್ಲೇ. ಮೂತ್ರ ಮಾಡುತ್ತಾ ನಡುವೆ ನಿಲ್ಲಿಸಿ ಅಭ್ಯಾಸ ಮಾಡಬೇಡಿ. ಮೂರು ತಿಂಗಳು ಬಿಡದೆ ಮಾಡಿ ನೋಡಿದ ಮೇಲೆ ಫಲ ಅಳೆಯಿರಿ. ಅಷ್ಟರವರೆಗೆ ಜಿಗಿತವಿಲ್ಲದ ಹೆಜ್ಜೆಗಳೊಂದಿಗೆ ಕ್ಲಾಸಿಗೆ ಮರಳಿ. ಕೆಮ್ಮುವ, ಕಾಲು ಅಪ್ಪಳಿಸುವ ಮುನ್ನ ಒಮ್ಮೆ ಬಿಗಿ ಹಿಡಿಯುವುದನ್ನು ರೂಢಿಸಿಕೊಳ್ಳಿ. ಉರಿ, ರಕ್ತ, ಅಥವಾ ಕೆಳಗೆ ಏನೋ ಜಾರಿ ಬಂದಂತೆ ಅನಿಸಿದರೆ ಸ್ತ್ರೀರೋಗ ತಜ್ಞರನ್ನು ಕಾಣಿ.

ಪ್ರಶ್ನೆ: ಮನೆಗೆಲಸವನ್ನು ವ್ಯಾಯಾಮದ ಲೆಕ್ಕಕ್ಕೆ ತೆಗೆದುಕೊಳ್ಳಬಹುದೇ?

ಉತ್ತರ: ಕೆಲವನ್ನು. ಆ ಕೆಲಸ ಮಾಡುವಾಗ ಮಾತಾಡಲು ಬಂದು ಹಾಡಲು ಬಾರದಷ್ಟು ಉಸಿರು ಏರಿದ್ದರೆ ಲೆಕ್ಕಕ್ಕೆ ಹಿಡಿಯಿರಿ. ಕುಕ್ಕರಗಾಲಲ್ಲಿ ನೆಲ ಒರೆಸುವುದು, ನೀರಿನ ಬಕೆಟ್ ಹೊತ್ತು ಮೆಟ್ಟಿಲು ಹತ್ತುವುದು, ಗುದ್ದಲಿ ಹಿಡಿದು ಪಾತಿ ಮಾಡುವುದು ಸೇರುತ್ತವೆ. ನಿಂತು ಅಡುಗೆ ಮಾಡುವುದು, ತರಕಾರಿ ಹೆಚ್ಚುವುದು ಸೇರುವುದಿಲ್ಲ. ಒಂದೇ ಸಲಕ್ಕೆ ಹತ್ತು ನಿಮಿಷವಾದರೂ ಆಗಬೇಕು ಎಂಬ ಹಳೆಯ ನಿಯಮವನ್ನು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಕೈಬಿಟ್ಟಿದೆ, ಚೂರುಚೂರಾಗಿ ಕೂಡಿಸಿ ವಾರಕ್ಕೆ 150 ನಿಮಿಷ ಮಾಡಬಹುದು. ಆದರೆ ಬೆಳಗಿನಿಂದ ರಾತ್ರಿವರೆಗೆ ದುಡಿದು ದಣಿದವರಿಗೆ ಇನ್ನಷ್ಟು ವ್ಯಾಯಾಮ ಹೇಳುವುದು ನ್ಯಾಯವಲ್ಲ. ಅವರಿಗೆ ಬೇಕಾದ್ದು ವಿಶ್ರಾಂತಿ. ನೆಲ ಒರೆಸುವ ಕೆಲಸವನ್ನು ಮನೆಯ ಗಂಡಸರು ವಹಿಸಿಕೊಂಡರೆ ಇಬ್ಬರ ಆರೋಗ್ಯವೂ ಸುಧಾರಿಸುತ್ತದೆ.

ಪ್ರಶ್ನೆ: ವಯಸ್ಸು 58, ಸಕ್ಕರೆ ಕಾಯಿಲೆಗೆ ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಮಾತ್ರೆ ನುಂಗುತ್ತೇನೆ. ಊಟವಾದ ತಕ್ಷಣ ನಡೆಯಬಾರದು ಎನ್ನುತ್ತಾರೆ, ನಿಜವೇ? ಊರಿನ ಡೊಳ್ಳು ತಂಡಕ್ಕೂ ಸೇರಬೇಕೆಂದಿದ್ದೇನೆ. – ಶಿವಮೊಗ್ಗದ ಓದುಗರು

ಉತ್ತರ: ನಿಧಾನ ನಡಿಗೆಗೆ ಅಡ್ಡಿಯಿಲ್ಲ. ಊಟವಾಗಿ ಸ್ವಲ್ಪ ಹೊತ್ತಿಗೆ 10–15 ನಿಮಿಷ ನಡೆದರೆ ಊಟದ ನಂತರ ಸಕ್ಕರೆ ಏರುವುದು ತಗ್ಗುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್‌ಗಾಗಿ ಕಾಯದೆ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಡೊಳ್ಳು ಬೇರೆ ಲೆಕ್ಕ. ಸೊಂಟಕ್ಕೆ ಭಾರ ಕಟ್ಟಿಕೊಂಡು ಬಗ್ಗಿ ಎದ್ದು ಬಾರಿಸುವುದು ಕಠಿಣ ದುಡಿಮೆ. ಅದಕ್ಕೆ ಮುಂಚೆ ರಕ್ತದೊತ್ತಡ, ಇಸಿಜಿ, ಕಣ್ಣಿನ ಹಿಂಪದರ ಮೂರನ್ನೂ ಪರೀಕ್ಷಿಸಿಕೊಳ್ಳಿ. ಹಿಂಪದರದಲ್ಲಿ ಹೊಸ ರಕ್ತನಾಳ ಬೆಳೆದಿದ್ದರೆ ಜಿಗಿತ, ಕುಲುಕಾಟ ಅಲ್ಲಿ ರಕ್ತಸ್ರಾವ ತರಬಹುದು. ಮೊದಲ ತಿಂಗಳು ಡೊಳ್ಳಿಲ್ಲದೆ ಹೆಜ್ಜೆ ಕಲಿಯಿರಿ.

ಗ್ಲಿಮೆಪಿರೈಡ್‌ನಿಂದ ಸಕ್ಕರೆ ತೀರಾ ಇಳಿಯಬಹುದು. ಬೆವರು, ನಡುಕ, ಎದೆ ಡವಗುಟ್ಟುವುದು ಕುಣಿತದಲ್ಲೂ ಇರುವುದರಿಂದ ಗುರುತು ಹತ್ತುವುದಿಲ್ಲ. ಅನುಮಾನ ಬಂದೊಡನೆ ನಿಲ್ಲಿಸಿ ಪರೀಕ್ಷಿಸಿ. 70ಕ್ಕಿಂತ ಕಡಿಮೆಯಿದ್ದರೆ ಮೂರು ಟೀ ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಿ. ಪಾದ ಜೋಮು ಹಿಡಿದಿದ್ದರೆ ಬರಿಗಾಲಲ್ಲಿ ಕುಣಿಯಬೇಡಿ, ರಾತ್ರಿ ಅಂಗಾಲು ನೋಡಿಕೊಳ್ಳಿ. ಎದೆ ಬಿಗಿದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಅಮ್ಮನಿಗೆ 74. ಒಮ್ಮೆ ಬಚ್ಚಲಲ್ಲಿ ಜಾರಿದ ಮೇಲೆ ಯಾವ ಕೆಲಸವನ್ನೂ ಮಾಡಗೊಡುತ್ತಿಲ್ಲ. ಸರಿಯೇ?

ಉತ್ತರ: ನಿಮ್ಮ ಕಾಳಜಿ ಅರ್ಥವಾಗುತ್ತದೆ, ಆದರೆ ಕೂರಿಸಿದಷ್ಟೂ ಕಾಲಿನ ಬಲ ಕುಂದಿ ಬೀಳುವ ಸಾಧ್ಯತೆ ಹೆಚ್ಚುತ್ತದೆ. ಅಡುಗೆ ಕಟ್ಟೆ ಹಿಡಿದು ನಿಲ್ಲಿಸಿ, ಹಿಂದೊಂದು ಕುರ್ಚಿ ಇಡಿ, ನೀವು ಪಕ್ಕದಲ್ಲಿರಿ. ಮೊದಲು ಎರಡೂ ಪಾದ ಜೋಡಿಸಿ 10 ಸೆಕೆಂಡು. ಆಮೇಲೆ ಒಂದು ಪಾದ ಅರ್ಧದಷ್ಟು ಮುಂದೆ. ನಂತರ ಒಂದರ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ. ಕೊನೆಗೆ ಒಂಟಿಕಾಲು. ಒಂದು ಹಂತ 10 ಸೆಕೆಂಡು ಅಲುಗದೆ ಬಂದ ಮೇಲೆಯೇ ಮುಂದಿನದು. ಕಟ್ಟೆಯ ಉದ್ದಕ್ಕೂ ಪಕ್ಕಕ್ಕೆ ಹೆಜ್ಜೆ ಹಾಕಿಸಿ, ಹಿಮ್ಮಡಿ ಎತ್ತಿ ಇಳಿಸುವುದು ಹತ್ತು ಸಲ ಆಗಲಿ. ವಾರಕ್ಕೆ ಮೂರು ದಿನ ತಪ್ಪಬಾರದು. ಮೊಮ್ಮಗುವಿದ್ದರೆ ಕೂತು ಚೆಂಡು ಎಸೆದು ಹಿಡಿಯುವ ಆಟ ಶುರು ಮಾಡಿಸಿ. ಹೂ ಕೊಯ್ಯುವುದು, ಬಟ್ಟೆ ಮಡಚುವುದು ಅವರಿಗೇ ಬಿಡಿ. ಬಚ್ಚಲಲ್ಲಿ ಹಿಡಿಕೆ ಹಾಕಿಸಿ. ಎದ್ದೊಡನೆ ತಲೆ ತಿರುಗುತ್ತಿದ್ದರೆ ಬಿಪಿ ಮಾತ್ರೆಯ ಪ್ರಮಾಣವನ್ನು ವೈದ್ಯರಲ್ಲಿ ಕೇಳಿ.

ಪ್ರಶ್ನೆ: ವಾರಾಂತ್ಯದಲ್ಲಿ ಯಕ್ಷಗಾನದ ಬಡಗುತಿಟ್ಟಿನ ಹೆಜ್ಜೆ ಕಲಿಯುತ್ತಿದ್ದೇನೆ. ಮಂಡಿ ಹಾಕಿ ತಿರುಗಿ ತಿರುಗಿ ಮೊಣಕಾಲು ಚಿಪ್ಪಿನ ಮುಂದೆ ಮೆತ್ತಗೆ ಊದಿದೆ, ನೋವು ಅಷ್ಟಿಲ್ಲ. – ಕುಂದಾಪುರದ ಓದುಗರು

ಉತ್ತರ: ಚಿಪ್ಪು ಮತ್ತು ಚರ್ಮದ ನಡುವೆ ಉಜ್ಜಾಟ ತಪ್ಪಿಸುವ ತೆಳುವಾದ ಚೀಲವೊಂದಿದೆ, ಅದರಲ್ಲಿ ನೀರು ತುಂಬಿರಬೇಕು. ಊತ ಇಳಿಯುವವರೆಗೆ ಮಂಡಿ ಬೇಡ, ಮೂರು ನಾಲ್ಕು ವಾರ ಹಿಡಿಯಬಹುದು. ನಿಂತ ಹೆಜ್ಜೆಗಳನ್ನು ಮುಂದುವರಿಸಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 10 ನಿಮಿಷ, ದಿನಕ್ಕೆ ಎರಡು ಮೂರು ಸಲ ಇಡಿ. ಬಿಸಿ ಎಣ್ಣೆ ತಿಕ್ಕುವುದು, ಸೂಜಿ ಚುಚ್ಚಿ ನೀರು ತೆಗೆಯುವುದು ಬೇಡ. ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಸೋಂಕಿನ ಲಕ್ಷಣ. ಅದೇ ದಿನ ವೈದ್ಯರಿಗೆ ತೋರಿಸಿ. ಮರಳಿ ಶುರು ಮಾಡುವಾಗ ದಪ್ಪ ಮೊಣಕಾಲು ಪಟ್ಟಿ ಕಟ್ಟಿಕೊಂಡು, ಮರದ ಹಲಗೆ ಅಥವಾ ಮ್ಯಾಟಿನ ಮೇಲೆ, ಒಮ್ಮೆಗೆ ನಾಲ್ಕೈದೇ ಸುತ್ತು. ಧಡ್ಡನೆ ಬೀಳದೆ ತೊಡೆಯ ಬಲದಲ್ಲಿ ಇಳಿಯಬೇಕು. ಆ ಬಲ ಬರಲು ಮೊದಲ ಉತ್ತರದಲ್ಲಿ ಹೇಳಿದ ಕುರ್ಚಿಯ ಅಭ್ಯಾಸವನ್ನು ಈ ವಾರದಿಂದಲೇ ಮಾಡಬಹುದು.