ಹಳೆಯ ಬೇಸ್ ಗಿಟಾರಿಗೆ ಹೊಸ ಬಣ್ಣ ಬಳಿಸಬಹುದೇ?

ವಾದ್ಯಗಳ ಪಾಲನೆಯನ್ನು ಕುರಿತ ಈ ಅಂಕಣಕ್ಕೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಳೆಯ ಮತ್ತು ಬೆಲೆಬಾಳುವ ಬೇಸ್ ಗಿಟಾರುಗಳಿಗೆ ಸಂಬಂಧಿಸಿದವು. ಆದ್ದರಿಂದ ಈ ಸಂಚಿಕೆಯಲ್ಲಿ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನನ್ನ ಸೋದರಮಾವನವರು ನುಡಿಸುತ್ತಿದ್ದ ಫೆಂಡರ್ ಪ್ರಿಸಿಷನ್ ಬೇಸ್ ಈಗ ನನ್ನ ಕೈಗೆ ಬಂದಿದೆ. ಅದು 1960ರ ದಶಕದ್ದು ಎಂದು ಅವರು ಹೇಳುತ್ತಿದ್ದರು. ಬಣ್ಣ ಅಲ್ಲಲ್ಲಿ ಎದ್ದುಹೋಗಿ ಮರ ಕಾಣಿಸುತ್ತಿದೆ, ಮೈಮೇಲೆಲ್ಲ ಕೂದಲೆಳೆಯಂಥ ಬಿರುಕುಗಳಿವೆ, ಬಿರಡೆಗಳು ತುಕ್ಕು ಹಿಡಿದಿವೆ. ಮಾರುವ ಮೊದಲು ಹೊಸ ಬಣ್ಣ ಬಳಿಸಿ, ಬಿರಡೆಗಳನ್ನೂ, ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ಪನ್ನೂ ಬದಲಾಯಿಸಿದರೆ ಹೆಚ್ಚು ಬೆಲೆ ಬಂದೀತೇ? ಅದು ಯಾವ ವರ್ಷದ್ದು ಎಂದು ತಿಳಿಯುವುದು ಹೇಗೆ?

ಉತ್ತರ: ದಯವಿಟ್ಟು ಬಣ್ಣ ಬಳಿಸಬೇಡಿ, ಬಿರಡೆ, ಪಿಕಪ್ಪುಗಳನ್ನು ಇದ್ದಂತೆಯೇ ಇರಗೊಡಿ. ಹೊಸ ಬಣ್ಣ ಒಣಗಿದ ಮೇಲೆ ಪತ್ರ ಬರೆಯುವವರಿಗೆ ನಾನು ಹೇಳಬಹುದಾದದ್ದು ಹೆಚ್ಚೇನೂ ಉಳಿದಿರುವುದಿಲ್ಲ. ನೀವು ಮೊದಲೇ ಕೇಳಿದ್ದು ನನಗೆ ನಿಜಕ್ಕೂ ಸಮಾಧಾನ ತಂದಿದೆ. ಮನೆಯನ್ನೋ ವಾಹನವನ್ನೋ ಮಾರುವ ಮುನ್ನ ಬಣ್ಣ ಹೊಡೆಸಿದರೆ ಬೆಲೆ ಏರುತ್ತದೆ ಎಂಬ ಲೆಕ್ಕ ಇಲ್ಲಿ ತಲೆಕೆಳಗಾಗುತ್ತದೆ. ಕಾರ್ಖಾನೆಯಲ್ಲಿ ಬಳಿದ ಮೊದಲ ಬಣ್ಣವನ್ನು ಉಳಿಸಿಕೊಂಡಿರುವ ಬೇಸ್‌ಗೆ ಎಷ್ಟು ಬೆಲೆಯೋ, ಮರುಬಣ್ಣ ಕಂಡ ಅಂಥದೇ ಬೇಸ್‌ಗೆ ಸರಿಸುಮಾರು ಅದರ ಅರ್ಧ ಎಂಬುದು ಈ ವ್ಯಾಪಾರದಲ್ಲಿರುವವರು ಸಾಮಾನ್ಯವಾಗಿ ಹಿಡಿಯುವ ಅಂದಾಜು. ನೀವು ಹೇಳುವ ಕೂದಲೆಳೆ ಬಿರುಕುಗಳು ದೋಷವಲ್ಲ. ಆ ಕಾಲದಲ್ಲಿ ಬಳಿಯುತ್ತಿದ್ದ ನೈಟ್ರೋಸೆಲ್ಯುಲೋಸ್ ಮೆರುಗೆಣ್ಣೆ ವರ್ಷಗಳು ಕಳೆದಂತೆ ಗಡುಸಾಗುತ್ತದೆ. ಮರ ಹಿಗ್ಗಿ ಕುಗ್ಗುವಾಗ ಅದಕ್ಕೆ ಹೊಂದಿಕೊಳ್ಳಲಾರದೆ ಹೀಗೆ ಸೀಳುತ್ತದೆ. ತಿಳಿದ ಗಿರಾಕಿಯು ಆ ಬಿರುಕುಗಳನ್ನು ಹುಡುಕಿಕೊಂಡೇ ಬರುತ್ತಾನೆ, ಏಕೆಂದರೆ ಬಣ್ಣ ಹಳೆಯದು ಎಂಬುದಕ್ಕೆ ಅವೇ ಸಾಕ್ಷಿ.

ಇನ್ನು ವರ್ಷದ ವಿಚಾರ. ಲಿಯೋ ಫೆಂಡರ್ ಅವರ ಪ್ರಿಸಿಷನ್ ಬೇಸ್ ಮಾರುಕಟ್ಟೆಗೆ ಬಂದದ್ದು 1951ರಲ್ಲಿ. ಮೊದಲಿಗೆ ಅದರ ಬಾಡಿ ಹಲಗೆಯಂತೆ ಚಪ್ಪಟೆಯಾಗಿತ್ತು, 1954ರಲ್ಲಿ ಮೈಗೆ ಒರಗುವಂತೆ ಅಂಚುಗಳನ್ನು ಇಳಿಜಾರಾಗಿ ಕೆತ್ತಲಾಯಿತು, 1957ರಲ್ಲಿ ಎರಡು ತುಂಡುಗಳಾಗಿ ಒಡೆದ ಈಗಿನ ಮಾದರಿಯ ಪಿಕಪ್ ಬಂದಿತು. ನಿಮ್ಮ ಬೇಸ್ 1960ರ ದಶಕದ್ದೇ ಆಗಿದ್ದರೆ ಈ ಕೊನೆಯ ರೂಪದಲ್ಲಿರಬೇಕು. ಅದಕ್ಕಿಂತ ನಿಖರವಾದ ಉತ್ತರ ವಾದ್ಯದ ಒಳಗಿದೆ. ತಂತಿಗಳನ್ನು ಸಡಿಲಿಸಿ, ಹಿಂಬದಿಯ ನಾಲ್ಕು ತಿರುಪುಗಳನ್ನು ಬಿಚ್ಚಿ ನೆಕ್ಕನ್ನು (ವಾದ್ಯದ ಉದ್ದನೆಯ ಕುತ್ತಿಗೆಯನ್ನು) ಹೊರತೆಗೆದರೆ, ಅದರ ಬುಡದಲ್ಲಿ ಪೆನ್ಸಿಲ್ಲಿನಿಂದ ಬರೆದ ಅಥವಾ ಮುದ್ರೆಯೊತ್ತಿದ ದಿನಾಂಕ ಸಾಮಾನ್ಯವಾಗಿ ಸಿಗುತ್ತದೆ. ತಿರುಪು ತಿರುಗಿಸಿ ಅಭ್ಯಾಸವಿಲ್ಲದಿದ್ದರೆ ಈ ಕೆಲಸವನ್ನು ಹಳೆಯ ವಾದ್ಯಗಳ ದುರಸ್ತಿಯಲ್ಲಿ ಪಳಗಿದವರಿಗೆ ವಹಿಸಿ, ನೀವು ಎದುರಿಗೇ ಕುಳಿತಿರಿ.

ಎರಡನೆಯ ಸಾಕ್ಷಿ ವಾಲ್ಯೂಮ್ ಮತ್ತು ಟೋನ್ ಗುಬ್ಬಿಗಳ ಕೆಳಗಿರುವ ಪಾಟ್‌ಗಳಲ್ಲಿ, ಅಂದರೆ ಗುಬ್ಬಿ ತಿರುಗಿಸಿದಂತೆ ದನಿಯನ್ನು ಬದಲಿಸುವ ವಿದ್ಯುತ್ ಬಿಡಿಭಾಗಗಳಲ್ಲಿ, ಸಿಗುತ್ತದೆ. ಅವುಗಳ ಬೆನ್ನ ಮೇಲೆ ಅಂಕಿಗಳ ಒಂದು ಸಾಲು ಒತ್ತಿರುತ್ತದೆ: ಮೊದಲ ಮೂರು ಅಂಕಿ ತಯಾರಕರನ್ನು, ಉಳಿದವು ವರ್ಷವನ್ನೂ ವಾರವನ್ನೂ ಸೂಚಿಸುತ್ತವೆ. 137 ಎಂದರೆ ಸಿಟಿಎಸ್, 304 ಎಂದರೆ ಸ್ಟಾಕ್‌ಪೋಲ್. 1376623 ಎಂದಿದ್ದರೆ ಸಿಟಿಎಸ್ ಸಂಸ್ಥೆಯು 1966ರ 23ನೇ ವಾರದಲ್ಲಿ ತಯಾರಿಸಿದ ಪಾಟ್ ಎಂದು ಅರ್ಥ. ಪಾಟ್‌ಗಳು ಅವೇ ಹಳೆಯವಾಗಿದ್ದರೆ, ಬೇಸ್ ಈ ದಿನಾಂಕಕ್ಕಿಂತ ಮೊದಲಿನದಾಗಿರಲು ಸಾಧ್ಯವಿಲ್ಲ ಎಂದಷ್ಟೇ ಇದರಿಂದ ತಿಳಿಯುತ್ತದೆ. ಒಮ್ಮೆ ಕೊಂಡು ಪೇರಿಸಿಟ್ಟ ಪಾಟ್‌ಗಳನ್ನು ಕಾರ್ಖಾನೆ ಮುಂದಿನ ಕೆಲವು ವರ್ಷಗಳವರೆಗೂ ಬಳಸಿದ್ದುಂಟು. ನೆಕ್ ಹಿಂಬದಿಯ ಲೋಹದ ತಗಡಿನ ಮೇಲಿರುವ ಕ್ರಮಸಂಖ್ಯೆಯನ್ನು ಎಲ್ಲರೂ ಮೊದಲು ನೋಡುತ್ತಾರೆ, ಆದರೆ ಅದನ್ನೊಂದನ್ನೇ ನಂಬುವಂತಿಲ್ಲ; ತಗಡುಗಳನ್ನು ಸಂಖ್ಯೆಯ ಅನುಕ್ರಮದಲ್ಲಿ ಜೋಡಿಸುತ್ತಿರಲಿಲ್ಲ, ಮೇಲಾಗಿ ನಾಲ್ಕು ತಿರುಪು ಬಿಚ್ಚಿದರೆ ತಗಡು ಇನ್ನೊಂದು ಬೇಸ್‌ಗೆ ಹೋಗಬಲ್ಲದು. ಈ ಮೂರೂ ಒಂದೇ ಕಾಲವನ್ನು ಹೇಳಿದರೆ ನೆಮ್ಮದಿಯಿಂದಿರಿ. 1965ರ ಜನವರಿಯಲ್ಲಿ ಫೆಂಡರ್ ಸಂಸ್ಥೆಯನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್ ಕೊಂಡುಕೊಂಡಿತು. ಅದಕ್ಕೆ ಹಿಂದಿನ ವಾದ್ಯಗಳಿಗೆ ಸಂಗ್ರಾಹಕರು ಹೆಚ್ಚಿನ ಬೆಲೆ ಕೊಡುವುದರಿಂದ ಕೆಲವೇ ತಿಂಗಳುಗಳ ಅಂತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ.

ತುಕ್ಕು ಹಿಡಿದ ಬಿರಡೆಗಳು ತಿರುಗುತ್ತಿದ್ದರೆ ಸಾಕು. ಒಂದು ಪಾಟ್ ನಿಜವಾಗಿಯೂ ಕೆಟ್ಟಿದ್ದರೆ ಬದಲಾಯಿಸಲೇಬೇಕಾಗಬಹುದು. ಆಗ ಹಳೆಯದನ್ನು ಹೆಸರು ಬರೆದ ಚೀಲದಲ್ಲಿಟ್ಟು ಬೇಸ್‌ನ ಜೊತೆಗೇ ಕೊಡಿ. ನೆಕ್‌ನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್‌ಗಳು ನುಡಿಸಿದಷ್ಟೂ ಸವೆಯುವ ಭಾಗವಾದ್ದರಿಂದ ಅವುಗಳನ್ನು ಅಚ್ಚುಕಟ್ಟಾಗಿ ಬದಲಾಯಿಸಿದ್ದರೆ ಗಿರಾಕಿಗಳು ಅಷ್ಟಾಗಿ ಬೇಸರಪಡುವುದಿಲ್ಲ. ನಿಮ್ಮ ಮಾವನವರ ಪೆಟ್ಟಿಗೆಯನ್ನು ಇನ್ನೊಮ್ಮೆ ಜಾಲಾಡಿ. ಪಿಕಪ್ ಮತ್ತು ಬ್ರಿಡ್ಜ್‌ನ (ಬಾಡಿಯ ಮೇಲೆ ತಂತಿಗಳನ್ನು ಹೊರುವ ಭಾಗ) ಮೇಲೆ ಮುಚ್ಚುತ್ತಿದ್ದ ಲೋಹದ ಕವಚಗಳನ್ನು ನುಡಿಸುವವರು ಮೊದಲ ವಾರವೇ ತೆಗೆದು ಮೂಲೆಗಿಡುತ್ತಿದ್ದರು. ಅವು, ಕೊಂಡಾಗಿನ ರಸೀದಿ, ಹಳೆಯ ಕೇಸ್, ಮಾವನವರು ಅದನ್ನು ಹಿಡಿದು ನಿಂತ ಫೋಟೋ, ಇವೆಲ್ಲ ಬೆಲೆಗೆ ಸೇರುವಂಥವು.

ಪ್ರಶ್ನೆ: 1962ರ ಫೆಂಡರ್ ಜಾಝ್ ಬೇಸ್ ಎಂದು ಹೇಳಿ ಒಬ್ಬರು ದೂರದಿಂದಲೇ ಮಾರಾಟಕ್ಕೆ ಬಂದಿದ್ದಾರೆ. ಎಲ್ಲ ಭಾಗಗಳೂ ಮೂಲದವೇ ಎಂದು ಭರವಸೆ ಕೊಡುತ್ತಾರೆ, ಆದರೆ ಹೊರಮೈಯ ನಾಲ್ಕು ಫೋಟೋ ಮಾತ್ರ ಕಳಿಸಿದ್ದಾರೆ. ಬೇರೆ ಗಿರಾಕಿ ಕಾಯುತ್ತಿದ್ದಾರೆಂದು ಅವಸರವನ್ನೂ ಮಾಡುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಹೊರಮೈಯ ಫೋಟೋಗಳಿಂದ ಮೂಲದ ವಾದ್ಯವೆಂದು ತೀರ್ಮಾನಿಸಲು ಯಾರಿಂದಲೂ ಆಗದು. ನೆಕ್‌ನ ಬುಡ, ಅದು ಕೂರುವ ಬಾಡಿಯ ಕುಳಿ, ಬಾಡಿಯ ಮುಂಭಾಗವನ್ನು ಗೀರಿನಿಂದ ಕಾಯುವ ಪಿಕ್‌ಗಾರ್ಡ್‌ ಫಲಕದ ಅಡಿಯ ಮರ, ಪಾಟ್‌ಗಳ ಅಂಕಿ ಮತ್ತು ಬೆಸುಗೆಗಳ ಹತ್ತಿರದ ಫೋಟೋಗಳನ್ನು ಕೇಳಿ. ಕೇಳಿದ್ದಕ್ಕೆ ಮಾರುವವರು ಸಿಟ್ಟಾದರೆ ಅಥವಾ ಬಿಚ್ಚಲು ಒಪ್ಪದಿದ್ದರೆ ಅಲ್ಲಿಗೆ ವ್ಯವಹಾರ ನಿಲ್ಲಿಸಿ.

1962 ಎಂಬುದು ಬಹಳ ಸೂಕ್ಷ್ಮವಾದ ವರ್ಷ. ಜಾಝ್ ಬೇಸ್ 1960ರಲ್ಲಿ ಬಂದಾಗ ಒಂದರ ಮೇಲೊಂದು ಕೂತ ಜೋಡಿ ಗುಬ್ಬಿಗಳಿದ್ದವು. 1962ರ ಹೊತ್ತಿಗೆ ಅವು ಹೋಗಿ ಈಗ ನಾವು ಕಾಣುವ ಮೂರು ಗುಬ್ಬಿಗಳು ಬಂದವು. ಜೋಡಿ ಗುಬ್ಬಿಯ ವಾದ್ಯಗಳು ವಿರಳವೂ ದುಬಾರಿಯೂ ಆಗಿರುವುದರಿಂದ, ಮೂರು ಗುಬ್ಬಿಯದನ್ನು ಅದರಂತೆ ಮಾರ್ಪಡಿಸುವ ಆಸೆ ಕೆಲವರಿಗೆ ಹುಟ್ಟುತ್ತದೆ. ಅದೇ ವರ್ಷದ ನಡುವೆ ಫಿಂಗರ್‌ಬೋರ್ಡ್ (ನೆಕ್‌ನ ಮೇಲೆ ಬೆರಳೊತ್ತುವ ಹಲಗೆ) ಕೂಡ ಬದಲಾಯಿತು: ಅಲ್ಲಿಯವರೆಗೆ ರೋಸ್‌ವುಡ್‌ನ ದಪ್ಪ ಹಲಗೆಯನ್ನು ಸಮತಟ್ಟಾದ ನೆಕ್‌ನ ಮೇಲೆ ಅಂಟಿಸುತ್ತಿದ್ದರು, ಅನಂತರ ನೆಕ್‌ನ ಬಾಗಿಗೆ ಹೊಂದುವ ತೆಳುವಾದ ಪದರವನ್ನು ಬಳಸತೊಡಗಿದರು. ನೆಕ್‌ನ ತುದಿಯನ್ನು ಅಡ್ಡಲಾಗಿ ನೋಡಿದರೆ ಎರಡು ಮರಗಳು ಕೂಡುವ ಗೆರೆ ನೇರವೋ ಬಾಗಿದೆಯೋ ಎಂದು ಸ್ಪಷ್ಟವಾಗಿ ಕಾಣುತ್ತದೆ. ಗುಬ್ಬಿಗಳು ಒಂದು ಕಾಲವನ್ನು, ಫಿಂಗರ್‌ಬೋರ್ಡ್ ಇನ್ನೊಂದು ಕಾಲವನ್ನು, ನೆಕ್‌ನ ದಿನಾಂಕ ಮತ್ತೊಂದನ್ನು ಹೇಳುತ್ತಿದ್ದರೆ ನಿಮ್ಮೆದುರಿಗಿರುವುದು ಹಲವು ವಾದ್ಯಗಳ ಭಾಗಗಳನ್ನು ಕೂಡಿಸಿದ ಬೇಸ್. ನುಡಿಸಲು ಅದು ಸೊಗಸಾಗಿಯೇ ಇರಬಹುದು, ಆದರೆ ಮೂಲದ ವಾದ್ಯದ ಬೆಲೆ ಅದಕ್ಕೆ ಸಲ್ಲದು.

ಬಣ್ಣದ ಪರೀಕ್ಷೆಗೆ ಎರಡು ದಾರಿಗಳಿವೆ. ಕತ್ತಲ ಕೋಣೆಯಲ್ಲಿ ಅತಿನೇರಳೆ ಕಿರಣದ ಟಾರ್ಚ್ ಹಿಡಿದರೆ ಹಳೆಯ ನೈಟ್ರೋ ಮೆರುಗು ಹಸಿರು ಬೆರೆತ ಹಳದಿಯಾಗಿ ಹೊಳೆಯುತ್ತದೆ. ಆಮೇಲೆ ಬಳಿದ ತೇಪೆ ಅದರ ನಡುವೆ ಬೇರೆಯಾಗಿ ಎದ್ದು ಕಾಣುತ್ತದೆ. ಎರಡನೆಯದು ಮೊಳೆಗಳ ಗುರುತು. ಸುಮಾರು 1964ರವರೆಗೆ ಫೆಂಡರ್ ಕೆಲಸಗಾರರು ಬಣ್ಣ ಬಳಿದು ಒಣಗಿಸುವಾಗ ಬಾಡಿಯು ಮೇಜಿಗೆ ತಾಗದಿರಲೆಂದು ಸಣ್ಣ ಮೊಳೆಗಳನ್ನು ಹೊಡೆದು, ಆಮೇಲೆ ಕೀಳುತ್ತಿದ್ದರು. ಪಿಕ್‌ಗಾರ್ಡ್‌ನ ಅಡಿಯಲ್ಲಿ ಅವುಗಳ ತೂತುಗಳು ಬಣ್ಣ ತುಂಬಿಕೊಳ್ಳದೆ ಇರಬೇಕು. ತೂತುಗಳಲ್ಲೂ ಬಣ್ಣವಿದ್ದರೆ ಅಥವಾ ತೂತುಗಳೇ ಮುಚ್ಚಿಹೋಗಿದ್ದರೆ ಯಾರೋ ಮತ್ತೆ ಬಳಿದಿದ್ದಾರೆ. ಕಾರ್ಖಾನೆಯ ಒಬ್ಬ ಕೆಲಸಗಾರ ಅನುಕೂಲಕ್ಕೆಂದು ಹೊಡೆದ ಮೊಳೆಯ ತೂತು ಅರವತ್ತು ವರ್ಷಗಳ ನಂತರ ವಾದ್ಯದ ಪರವಾಗಿ ಸಾಕ್ಷಿ ನುಡಿಯುವುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ನೆಕ್‌ನೊಳಗಿನ ಕಬ್ಬಿಣದ ಸರಳಿನ ವಿಚಾರವನ್ನೂ ಕೇಳಬೇಕು. ನಾಲ್ಕು ತಂತಿಗಳು ಒಟ್ಟಾಗಿ ಸುಮಾರು 75 ಕಿಲೋ ಭಾರದಷ್ಟು ಬಲದಿಂದ ನೆಕ್ಕನ್ನು ಎಳೆಯುತ್ತಿರುತ್ತವೆ; ಆ ಎಳೆತವನ್ನು ತಡೆಯುವುದು ಟ್ರಸ್ ರಾಡ್. ಅದನ್ನು ಪೂರ್ತಿ ಬಿಗಿದ ಮೇಲೂ ನೆಕ್ ಬಾಗಿಯೇ ಇದ್ದರೆ ದುರಸ್ತಿ ದುಬಾರಿಯಾಗುತ್ತದೆ. ಹಣವನ್ನು ಮಾತ್ರ ನೇರವಾಗಿ ಕಳಿಸಬೇಡಿ. ನಂಬಿಕೆಗೆ ಅರ್ಹವಾದ ಮಧ್ಯವರ್ತಿ ಖಾತೆಯಲ್ಲಿ ಹಣವಿಟ್ಟು, ವಾದ್ಯ ಕೈಸೇರಿದ ಮೇಲೆ ಬಿಚ್ಚಿ ನೋಡಲು ಕನಿಷ್ಠ ಎರಡು ದಿನಗಳ ಅವಕಾಶವನ್ನೂ, ಹೇಳಿದ್ದಕ್ಕಿಂತ ಬೇರೆಯಾಗಿದ್ದರೆ ಹಿಂದಿರುಗಿಸುವ ಹಕ್ಕನ್ನೂ ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ಒಬ್ಬ ಹೆಸರಾಂತ ತಯಾರಕರಿಂದ ನನ್ನ ಅಳತೆಗೆ ತಕ್ಕಂತೆ ಐದು ತಂತಿಯ ಬೇಸ್ ಮಾಡಿಸಬೇಕೆಂದಿದ್ದೇನೆ. ಮುಂದೆ ಮಾರಬೇಕಾಗಿ ಬಂದರೆ ಹಾಕಿದ ಹಣ ವಾಪಸು ಬರುವುದೇ?

ಉತ್ತರ: ಬಹುಮಟ್ಟಿಗೆ ಬರುವುದಿಲ್ಲ ಎಂದೇ ಎಣಿಸಿ. 1969ರಲ್ಲಿ ಆರಂಭವಾದ ಅಲೆಂಬಿಕ್, 1983ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ ಫೊಡೆರಾ ಮುಂತಾದವರ ವಾದ್ಯಗಳಿಗೆ ಒಳ್ಳೆಯ ಬೇಡಿಕೆಯಿದೆ. ಆದರೂ ಕೊಂಡ ಮರುವರ್ಷವೇ ಮಾರಿದರೆ ನಷ್ಟವಾಗುವುದೇ ಹೆಚ್ಚು. ನಿಮ್ಮ ಕೈಗೆಂದೇ ಮಾಡಿಸಿದ ಅಸಾಮಾನ್ಯ ನೆಕ್ ಅಗಲ, ಫ್ರೆಟ್‌ಗಳ ನಡುವೆ ಕೂರಿಸಿದ ನಿಮ್ಮ ಹೆಸರಿನ ಅಕ್ಷರಗಳು ಗಿರಾಕಿಗಳ ಸಂಖ್ಯೆಯನ್ನು ಕುಗ್ಗಿಸುತ್ತವೆ. ನುಡಿಸುವುದಕ್ಕಾಗಿ ಮಾಡಿಸುವುದಾದರೆ ಖಂಡಿತ ಮಾಡಿಸಿ. ಹಣದ ಚಿಂತೆಯೇ ಮೊದಲಾಗಿದ್ದರೆ, ಅದೇ ತಯಾರಕರ ಬಳಸಿದ ಬೇಸ್ ಒಂದನ್ನು ಕೊಳ್ಳಿ. ಮೊದಲ ನಷ್ಟವನ್ನು ಆಗಲೇ ಬೇರೊಬ್ಬರು ಭರಿಸಿರುತ್ತಾರೆ. ಅಂಥ ಸಂದರ್ಭದಲ್ಲಿ ಕ್ರಮಸಂಖ್ಯೆಯನ್ನು ತಯಾರಕರಿಗೇ ಕಳಿಸಿ ವಿಚಾರಿಸಿ. ಬಳಸಿದ ಮರ, ಪಿಕಪ್, ಮುಗಿಸಿದ ದಿನಾಂಕಗಳ ದಾಖಲೆಯನ್ನು ಸಣ್ಣ ಕಾರ್ಯಾಗಾರದವರು ಸಾಮಾನ್ಯವಾಗಿ ಇಟ್ಟುಕೊಂಡಿರುತ್ತಾರೆ.

ಪ್ರಶ್ನೆ: ಕಾರ್ಯಕ್ರಮಗಳಿಗೆ ನನ್ನ ಹಳೆಯ ಬೇಸ್ ಒಯ್ಯಲು ಭಯವಾಗುತ್ತದೆ. ಕಳವಿನಿಂದ ಹೇಗೆ ರಕ್ಷಿಸಿಕೊಳ್ಳಲಿ?

ಉತ್ತರ: ನಿಮ್ಮ ಭಯ ಸಕಾರಣವಾದುದು. ಅಮೆರಿಕದ ಮೋಟೌನ್ ರೆಕಾರ್ಡ್ ಸಂಸ್ಥೆಯ ಸಂಗೀತಕ್ಕೆ ತಳಹದಿ ಹಾಕಿದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರ 1962ರ ಪ್ರಿಸಿಷನ್ ಬೇಸ್, 1983ರಲ್ಲಿ ಅವರು ತೀರಿಕೊಳ್ಳುವ ಕೆಲವೇ ದಿನಗಳ ಮುಂಚೆ ಕಳುವಾಯಿತು. ಇನ್ನೊಬ್ಬ ಬೇಸ್ ವಾದಕ ಜಾಕೊ ಪಾಸ್ಟೋರಿಯಸ್ ಫ್ರೆಟ್‌ಗಳನ್ನು ಕಿತ್ತು, ಫಿಂಗರ್‌ಬೋರ್ಡಿಗೆ ಎಪಾಕ್ಸಿ ಎಂಬ ಗಡುಸಾದ ರಾಳ ಬಳಿದು ನುಡಿಸುತ್ತಿದ್ದ 1962ರ ಜಾಝ್ ಬೇಸ್ 1986ರಲ್ಲಿ ಕಳುವಾಗಿ, ಸುಮಾರು 20 ವರ್ಷ ಕಾಣೆಯಾಗಿತ್ತು. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1961ರಲ್ಲಿ ಹ್ಯಾಂಬರ್ಗ್‌ನಲ್ಲಿ ಕೊಂಡ ಹಾಫ್ನರ್ ಬೇಸ್ 1972ರಲ್ಲಿ ಲಂಡನ್ನಿನಲ್ಲಿ ನಿಲ್ಲಿಸಿದ್ದ ವ್ಯಾನಿನಿಂದ ಹೋಯಿತು. ಅದು ಮರಳಿ ಸಿಕ್ಕಿತೆಂಬ ಸುದ್ದಿ ಹೊರಬಿದ್ದದ್ದು 2024ರಲ್ಲಿ. ವಾಹನದಲ್ಲಿ ವಾದ್ಯ ಬಿಟ್ಟು ಹೋಗುವ ಅಭ್ಯಾಸವಿದ್ದರೆ ಇಂದೇ ಬಿಡಿ.

ಕಳುವಾದ ವಾದ್ಯ ನಿಮ್ಮದೇ ಎಂದು ಸಾಬೀತುಪಡಿಸುವುದು ಕ್ರಮಸಂಖ್ಯೆಯಿಂದ ಮಾತ್ರ ಸಾಧ್ಯವಾಗದು. ಮರದ ಎಳೆಗಳ ವಿನ್ಯಾಸ, ಬಣ್ಣ ಎದ್ದ ಜಾಗದ ಆಕಾರ, ಒಂದೊಂದು ಗೀರು, ಇವು ಬೆರಳಚ್ಚಿನಂತೆ; ಇನ್ನೊಂದು ಬೇಸ್‌ನಲ್ಲಿ ಹಾಗೆಯೇ ಇರಲಾರವು. ಹಗಲು ಬೆಳಕಿನಲ್ಲಿ ಹಿಂದೆ, ಮುಂದೆ, ಒಳಗೆ ಫೋಟೋ ತೆಗೆದು, ಪ್ರತಿಗಳನ್ನು ಮನೆಯ ಹೊರಗೂ ಒಂದೆಡೆ ಇಟ್ಟಿರಿ. ವಿಮೆಯ ಕರಾರನ್ನು ಸಾಲು ಸಾಲಾಗಿ ಓದಿ. ಸಂಭಾವನೆ ಪಡೆದು ನುಡಿಸುವವರ ವಾದ್ಯಕ್ಕೆ ಮನೆಯ ಸಾಮಾನಿನ ವಿಮೆ ಅನ್ವಯಿಸದಿರುವುದು ಸಾಮಾನ್ಯ. ವಾದ್ಯಗಳಿಗೆಂದೇ ಇರುವ ವಿಮೆ ಮಾಡಿಸುವಾಗ ತಜ್ಞರ ಮೌಲ್ಯಮಾಪನ ಪತ್ರವನ್ನು ಲಗತ್ತಿಸಿ, ಇಷ್ಟು ಮೊತ್ತ ಎಂದು ಮೊದಲೇ ಒಪ್ಪಿಕೊಂಡ ಕರಾರನ್ನೇ ಆರಿಸಿಕೊಳ್ಳಿ. ಇಲ್ಲವಾದರೆ ಅರವತ್ತು ವರ್ಷದ ವಾದ್ಯವನ್ನು ಅರವತ್ತು ವರ್ಷ ಸವೆದ ಸಾಮಾನಿನಂತೆ ಎಣಿಸುವ ಅಪಾಯವಿದೆ.

ಪ್ರಶ್ನೆ: 1964ರ ಬೇಸ್ ಒಂದನ್ನು ಬೇರೆ ದೇಶದ ಗಿರಾಕಿಗೆ ಮಾರಿದ್ದೇನೆ. ಕಳಿಸುವಾಗ ಗಮನಿಸಬೇಕಾದದ್ದು ಏನು?

ಉತ್ತರ: ಮೊದಲು ಫಿಂಗರ್‌ಬೋರ್ಡ್ ಯಾವ ಮರದ್ದೆಂದು ಖಚಿತಪಡಿಸಿಕೊಳ್ಳಿ. ಆ ಕಾಲದ ಫೆಂಡರ್‌ಗಳಲ್ಲಿ ಬ್ರೆಜಿಲಿಯನ್ ರೋಸ್‌ವುಡ್ ಬಳಸಿರುವುದು ಸಾಮಾನ್ಯ. ನಾವು ಬೀಟೆ ಎನ್ನುವ ಮರದ ಕುಲಕ್ಕೇ ಸೇರಿದ ಇದನ್ನು, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 1992ರಲ್ಲಿ ಅತ್ಯಂತ ಕಟ್ಟುನಿಟ್ಟಾದ ಮೊದಲ ಪಟ್ಟಿಗೆ ಸೇರಿಸಿತು. ಈ ಕುಲದ ಉಳಿದ ಮರಗಳಿಂದ ಮಾಡಿದ ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತಾದರೂ ಬ್ರೆಜಿಲಿಯನ್ ರೋಸ್‌ವುಡ್‌ಗೆ ಸಿಗಲಿಲ್ಲ. ಮರವು ನಿರ್ಬಂಧಕ್ಕೂ ಮೊದಲಿನದೆಂದು ತೋರಿಸುವ ಪ್ರಮಾಣಪತ್ರವನ್ನು ನಿಮ್ಮ ದೇಶದ ಸೈಟಿಸ್ ಪ್ರಾಧಿಕಾರದಿಂದ ಪಡೆಯದೆ ಕಳಿಸಿದರೆ, ಗಡಿಯಲ್ಲಿ ವಾದ್ಯವನ್ನು ಮುಟ್ಟುಗೋಲು ಹಾಕಿಕೊಳ್ಳಬಹುದು. ಗಿರಾಕಿಯ ದೇಶದಲ್ಲಿ ಬೇಕಾದ ಕಾಗದಗಳನ್ನು ಅವರೇ ವಿಚಾರಿಸಿಕೊಳ್ಳುವಂತೆ ಹೇಳಿ, ಅದೆಲ್ಲ ಮುಗಿಯುವವರೆಗೆ ಪೆಟ್ಟಿಗೆ ಕಟ್ಟಬೇಡಿ.

ಕಟ್ಟುವಾಗ ತಂತಿಗಳನ್ನು ಸ್ವಲ್ಪ ಸಡಿಲಿಸಿ, ಗಟ್ಟಿ ಕೇಸ್‌ನೊಳಗೆ ನೆಕ್‌ನ ಮತ್ತು ತಲೆಯ ಕೆಳಗೆ ಮೆತ್ತೆ ಒದಗಿಸಿ, ಕೇಸ್ ಸುತ್ತಲೂ ಎರಡನೆಯ ರಟ್ಟಿನ ಪೆಟ್ಟಿಗೆ ಬರಲಿ. ಚಳಿಯಲ್ಲಿ ಬಂದ ಪೆಟ್ಟಿಗೆಯನ್ನು ತಕ್ಷಣ ತೆರೆಯದೆ, ಕೋಣೆಯ ಬಿಸಿಗೆ ಹೊಂದಿಕೊಳ್ಳಲು ಒಂದು ದಿನ ಬಿಡುವಂತೆ ಗಿರಾಕಿಗೆ ಬರೆದು ತಿಳಿಸಿ. ಒಮ್ಮೆಗೇ ಬಿಸಿ ತಾಗಿದರೆ ಹಳೆಯ ಮೆರುಗು ಅವರ ಕಣ್ಣೆದುರಿಗೇ ಸೀಳಬಹುದು.

ಪ್ರಶ್ನೆ: ಮನೆಯಲ್ಲಿ ಬೇಸ್ ಇಡುವ ಸರಿಯಾದ ಕ್ರಮ ಯಾವುದು?

ಉತ್ತರ: ಗಾಳಿಯ ತೇವಾಂಶ ಶೇಕಡಾ 45ರಿಂದ 55ರ ನಡುವೆ ಇರುವಂತೆ ನೋಡಿಕೊಳ್ಳಿ, ಕೇಸ್‌ನೊಳಗೆ ಇಡುವ ಪುಟ್ಟ ಮಾಪಕ ಸಾಕು. ಹೊರಗೋಡೆಗೆ ತಾಗಿಸಿಯೂ ಕಿಟಕಿಯ ಬಿಸಿಲಿಗೂ ಇಡಬೇಡಿ. ನೈಟ್ರೋ ಮೆರುಗಿನ ಬೇಸನ್ನು ರಬ್ಬರ್ ಅಥವಾ ಪ್ಲಾಸ್ಟಿಕ್ ಹೊದಿಕೆಯ ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿದರೆ ತಾಗಿದ ಜಾಗದಲ್ಲಿ ಮೆರುಗು ಕರಗಿ ಅಂಟುತ್ತದೆ, ಆ ಕಲೆ ಹೋಗುವುದಿಲ್ಲ. ನಡುವೆ ಶುದ್ಧ ಹತ್ತಿಯ ಬಟ್ಟೆ ಸುತ್ತಿ. ಬ್ಯಾಟರಿ ಹಾಕುವ ಬೇಸ್ ಆಗಿದ್ದರೆ, ತಿಂಗಳುಗಟ್ಟಲೆ ಎತ್ತಿಡುವ ಮುನ್ನ ಬ್ಯಾಟರಿಯನ್ನು ಹೊರತೆಗೆಯಿರಿ, ಅದು ಸೋರಿದರೆ ಒಳಗಿನ ಸರ್ಕ್ಯೂಟ್ ಕೆಡುತ್ತದೆ.